ಸಿಪ್ಪೆಯ ಲೆಕ್ಕ

ಹೆಸರಲ್ಲೇ ನೀರು ಹೊತ್ತ ನೀರುಳ್ಳಿ;
ಅದರ ಸಿಪ್ಪೆಯೊಳಗಿನ ಹಳದಿ ಮಾತ್ರ
ನೀರಿಗೆ ಹಾಕಿದರೆ ಕರಗುವುದಿಲ್ಲ.
ಮೂರು ವರ್ಷ ನನ್ನ ಹಟ, ಅದರ ಹಟ.

ಮೊದಲ ಕಂತು ಬಂದರಿನ ಗೋದಾಮಿನದು,
ಇದಿನಬ್ಬ ಕಾಕ ಗೋಣಿ ಕೊಡವಿ ಕೊಟ್ಟದ್ದು.
"ಸಿಪ್ಪೆಗೆ ದುಡ್ಡಾ? ಗುಡಿಸಿದ ಕೂಲಿ
ನಾನೇ ನಿನಗೆ ಕೊಡಬೇಕು ಮಾರಾಯ್ತಿ."
ದೇರಳಕಟ್ಟೆಯ ಬಸ್ಸಿನಲ್ಲಿ ಮಡಿಲ ಮೇಲೆ ಚೀಲ.
ತೊಕ್ಕೊಟ್ಟಿನ ತಿರುವಿಗೆ ಗಾಳಿ ನುಗ್ಗಿ
ಕೆಂಪು ಚೂರೊಂದು ಹಾರಿ
ಕಂಡಕ್ಟರನ ನೋಟಿನ ಕಟ್ಟಿಗೆ ಅಂಟಿತು.
ಅವನು ಊದಿದ, ಏನೂ ಕೇಳಲಿಲ್ಲ.

ಇನ್ನೊಂದು ಸಿಪ್ಪೆ ದಕ್ಕೆಯದು:
ಸಿಗಡಿ ಸುಲಿಯುವ ಹೆಂಗಸರ ಕಾಲಬುಡದ ರಾಶಿ.
ಸುಣ್ಣ ಬಿಡಿಸಿ, ಬಣ್ಣ ಬಿಡಿಸಿ,
ವಾಸನೆಯೊಂದನ್ನು ಬಿಡಿಸಲಾಗದೆ
ವಿನೆಗರಿನಲ್ಲಿ ಕದಡಿ ಅಂಟು ಮಾಡಿದೆ.
ತಿರುಗುವ ಅಯಸ್ಕಾಂತದ ಮೇಲೆ ಬೀಕರು.
ಹನಿ. ಹನಿ. ಇನ್ನೊಂದು ಹನಿ.
ರಾತ್ರಿ ಎರಡಕ್ಕೆ ತಿಳಿಯಾಗಿದ್ದದ್ದು ಒಮ್ಮೆಗೇ ಮಬ್ಬಾಯಿತು,
ಅಕ್ಕಿ ತೊಳೆದ ಎರಡನೆಯ ನೀರಿನ ಹಾಗೆ.
ಕಡಲಿನ ಸಿಪ್ಪೆಯೊಳಗೆ
ಹೊಲದ ಸಿಪ್ಪೆ ಹೋಗಿ ಕೂತಿತ್ತು.

"ಸಣ್ಣ ಅಂದರೆ ಎಷ್ಟು ಸಣ್ಣ? ಸಾಸಿವೆ?"
ಒಂದು ಸಾಸಿವೆಯ ಅಗಲಕ್ಕೆ
ಹತ್ತು ಸಾವಿರ ಸಾಲಾಗಿ ನಿಲ್ಲಬಹುದು, ಕಾಕ.
"ಹಾಗಾದರೆ ತೂಗುವುದು ಯಾವ ತಕ್ಕಡಿಯಲ್ಲಿ?"
ತೂಗುವುದಿಲ್ಲ. ಬೆಳಕು ಹಾಯಿಸಿ
ಅದು ಎಷ್ಟು ನಡುಗುತ್ತದೆಂದು ನೋಡಿ ಅಳೆಯುತ್ತೇವೆ.
ಬಹಳ ಹೊತ್ತು ನಕ್ಕರು,
ನಲವತ್ತು ವರ್ಷ ಕಬ್ಬಿಣದ ಬಟ್ಟನ್ನೇ ನಂಬಿದವರು.

ರಂಜಾನ್ ಕಳೆದ ಮೇಲೆ ಹೋದರೆ
ತಕ್ಕಡಿಯ ಹತ್ತಿರ ಬೇರೆ ಹುಡುಗ.
ಕಾಕ ಒಳಗೆ, ಬೆಂಚಿನ ಮೇಲೆ. ಸಡಿಲ ಅಂಗಿ.
ಅಂಗಿಯಡಿ ಹೊಟ್ಟೆಗೆ ಅಂಟಿಸಿದ ಚೀಲ.
"ಇಷ್ಟು ವರ್ಷ ಗಡ್ಡೆ ಮಾರಿದೆ ನೋಡು,
ಒಂದು ಒಳಗೇ ಉಳಿದುಬಿಟ್ಟಿತ್ತು."
ದೊಡ್ಡ ಕರುಳು.
ನನ್ನ ಪ್ರಬಂಧದ ಮೊದಲ ಸಾಲಿನ ಪದ.
ಎಷ್ಟು ಸಲ ಟೈಪು ಮಾಡಿದ್ದೇನೋ;
ಆ ಪದಕ್ಕೊಂದು ಬೆಂಚು, ಒಂದು ಅಂಗಿ,
ಬಿಸಿಲಿಗೆ ಕಿರಿದಾಗುವ ಕಣ್ಣು ಇರಬಹುದೆಂದು
ಹೊಳೆದಿರಲೇ ಇಲ್ಲ.

ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ:
ಹೊಟ್ಟೆಯ ಹುಳಿ ದಾಟುವ ತನಕ ಬಾಯಿ ಬಿಡದ ಹಾಗೆ
ಕಣಕ್ಕೆ ಮೇಲೊಂದು ಪದರ ಹೊದಿಸಿದ್ದೇನೆ,
ಕರುಳಿನ ಕೊನೆಯ ಹಾದಿಯಲ್ಲಿ ಬಿಚ್ಚಿಕೊಳ್ಳಬೇಕು.
ಯಾವ ಊರಿನದೋ ರೋಗಿ, ಹೆಸರೂ ಗೊತ್ತಿಲ್ಲ;
ನಾನು ಹುಟ್ಟುವ ಮೊದಲೇ ಆ ಮೈಯಿಂದ ತೆಗೆದ ಕೋಶಗಳು
ಇವತ್ತಿಗೂ ತಟ್ಟೆಯಲ್ಲಿ ಬೆಳೆಯುತ್ತಿವೆ.
ಅವುಗಳ ಮೇಲೆ ಸುರಿದೆ.
ನಲವತ್ತೆಂಟು ಗಂಟೆಗೆ ಅರ್ಧ ಸತ್ತವು.

"ಉಳಿದರ್ಧ?"

ವ್ಯಾಪಾರಿಯ ಪ್ರಶ್ನೆ. ನನ್ನ ಗೈಡ್ ಕೂಡ
ಇಷ್ಟು ನೇರ ಕೇಳಿದ್ದಿಲ್ಲ.
ಇನ್ನು ಇಲಿ, ಕಾಕ. ಇಲಿಯ ನಂತರ ಸಮಿತಿ.
ಸಮಿತಿಯ ನಂತರ ಮನುಷ್ಯರು, ಅದೂ ಆದರೆ.
ತಟ್ಟೆಯಲ್ಲಿ ಸತ್ತದ್ದು ಮೈಯಲ್ಲಿ ಸಾಯಬೇಕೆಂದಿಲ್ಲ.
ನೀವು ಆಸ್ಪತ್ರೆಯ ಬಾಟಲಿ ತಪ್ಪಿಸಬೇಡಿ,
ಸಿಪ್ಪೆ ಕುದಿಸಿ ಕುಡಿಯಲಿಕ್ಕೆಲ್ಲ ಹೋಗಬೇಡಿ

"ಕುಡಿದಾಯಿತು," ಅಂದರು. "ಎರಡು ವಾರ.
ಆಸ್ಯಮ್ಮ ಸೋಸಿ ಕೊಟ್ಟಳು.
ಬಣ್ಣ ಚಾದ ಹಾಗೆಯೇ. ರುಚಿ ಎಂತದೂ ಇಲ್ಲ."

ನಾನು ಗೋಡೆಯ ಕ್ಯಾಲೆಂಡರು ನೋಡಿದೆ.
ಹೊರಗೆ ಲಾರಿ ಹಿಂದೆ ಹಿಂದೆ ಬರುತ್ತಿತ್ತು,
ಯಾರೋ "ಬರಲಿ, ಬರಲಿ" ಎನ್ನುತ್ತಿದ್ದರು.

"ಬಿಳಿಯದ್ದು ತುಂಬಿಸಬೇಡವಾ," ಹುಡುಗನಿಗೆ ಗದರಿದರು,
"ಅದರಲ್ಲಿ ಅವಳಿಗೆ ಬೇಕಾದ್ದು ಇಲ್ಲ. ಕೆಂಪು ಹಾಕು."
ಆಮೇಲೆ, ಎಂದೂ ಬರೆಯದವರು,
ಉದ್ದ ಪುಸ್ತಕ ತೆರೆದು, ಪೆನ್ನು ಎರಡು ಸಲ ಜಾಡಿಸಿ,
ನನ್ನ ಹೆಸರು ಕೇಳಿ ಬರೆದರು:
ಸಿಪ್ಪೆ, ಎರಡು ಕಿಲೋ. ಬಾಕಿ.
ದರದ ಅಂಕಣ ಖಾಲಿ ಬಿಟ್ಟರು.